ಅತ್ತ ದರಿ, ಇತ್ತ ಪುಲಿ: ಪೆರು ದೇಶದ ೧೯೯೦ರ ಚುನಾವಣೆ

ಮತಪೆಟ್ಟಿಗೆಯೊಳಗೆ ಬೀಳುವ ಚೀಟಿಯ ಮೇಲೆ ಗುರುತು ಒಂದೇ ಇರುತ್ತದೆ. ಅದನ್ನು ಹಾಕಿದವನ ಮನಸ್ಸು ಮಾತ್ರ ಎಷ್ಟೋ ಸಲ ಎರಡಾಗಿರುತ್ತದೆ. ಎಣಿಕೆಯ ಮೇಜಿನ ಮುಂದೆ ಕುಳಿತವರಿಗೆ ಆ ಇಬ್ಬಗೆ ಕಾಣುವುದಿಲ್ಲ. ಮರುದಿನದ ಪತ್ರಿಕೆಗಳು 'ಜನತೆಯ ಸ್ಪಷ್ಟ ತೀರ್ಪು' ಎಂದು ಬರೆದುಬಿಡುತ್ತವೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ೧೯೯೦ರಲ್ಲಿ ನಡೆದ ಅಧ್ಯಕ್ಷ ಚುನಾವಣೆ ಅಂಥದೊಂದು ತೀರ್ಪು. ರಾಜಕೀಯದಲ್ಲಿ ಹೆಸರೇ ಇಲ್ಲದಿದ್ದ, ಜಪಾನಿನಿಂದ ವಲಸೆ ಬಂದ ದಂಪತಿಗಳ ಮಗನೊಬ್ಬನನ್ನು ಅಲ್ಲಿಯ ಜನ ನೂರಕ್ಕೆ ೬೨ ಮತ ಕೊಟ್ಟು ಗದ್ದುಗೆಗೆ ಏರಿಸಿದರು. ಆ ೬೨ರಲ್ಲಿ ನಂಬಿಕೆ ಎಷ್ಟು, ಭಯ ಎಷ್ಟು, ಸಿಟ್ಟು ಎಷ್ಟು ಎಂಬುದನ್ನು ಬಿಡಿಸಿ ನೋಡುವುದು ನಮ್ಮ ಈ ಲೇಖನದ ಉದ್ದೇಶ.

ಮೊದಲು ದೇಶದ ಸ್ಥಿತಿಯನ್ನು ನೋಡೋಣ. ೧೯೮೫ರಲ್ಲಿ ಅಪ್ರಾ ಎಂಬ ಹಳೆಯ ಪಕ್ಷ ಮೊಟ್ಟಮೊದಲ ಬಾರಿಗೆ ಅಧಿಕಾರಕ್ಕೆ ಬಂದಿತ್ತು. ಅಧ್ಯಕ್ಷ ಆಲನ್ ಗಾರ್ಸಿಯಾ ಅವರಿಗೆ ಆಗ ೩೬ ವರ್ಷ, ಮಾತುಗಾರ, ಜನಪ್ರಿಯ. ಐದು ವರ್ಷ ಕಳೆಯುವಷ್ಟರಲ್ಲಿ ಆ ಜನಪ್ರಿಯತೆ ಕರಗಿ ಹೋಗಿತ್ತು. ೧೯೮೯ರ ಒಂದೇ ವರ್ಷದಲ್ಲಿ ಬೆಲೆಗಳು ನೂರಕ್ಕೆ ಸುಮಾರು ೨,೭೭೫ರಷ್ಟು ಏರಿದವು. ಎಂದರೆ ವರ್ಷದ ಮೊದಲಲ್ಲಿ ಒಂದು ನಾಣ್ಯಕ್ಕೆ ಸಿಗುತ್ತಿದ್ದ ವಸ್ತುವಿಗೆ ವರ್ಷದ ಕೊನೆಯಲ್ಲಿ ಸುಮಾರು ಇಪ್ಪತ್ತೊಂಬತ್ತು ನಾಣ್ಯ ತೆರಬೇಕು. ಕೈಗೆ ಬಂದ ಸಂಬಳವನ್ನು ಅಂದೇ ಅಕ್ಕಿ, ಎಣ್ಣೆಯಾಗಿ ಮಾಡಿಕೊಳ್ಳದಿದ್ದರೆ ಅದು ಕಾಗದ.

ಇನ್ನೊಂದು ಕಡೆ 'ಹೊಳೆವ ಹಾದಿ' ಎಂಬ ಹೆಸರಿನ ಮಾವೋವಾದಿ ಪಕ್ಷ. ೧೯೮೦ರ ಮೇ ೧೭ರಂದು, ಚುನಾವಣೆಯ ಮುನ್ನಾದಿನ, ಆಯಾಕುಚೊ ಸೀಮೆಯ ಚುಸ್ಚಿ ಎಂಬ ಹಳ್ಳಿಯಲ್ಲಿ ಮತಪೆಟ್ಟಿಗೆಗಳನ್ನು ಸುಟ್ಟು ಅದು ತನ್ನ ಯುದ್ಧವನ್ನು ಆರಂಭಿಸಿತ್ತು. ಮುಂದಿನ ಎರಡು ದಶಕಗಳಲ್ಲಿ ಈ ಪಕ್ಷ, ಸೈನ್ಯ ಮೊದಲಾದವರ ಕೈಯಲ್ಲಿ ಸತ್ತವರೂ ಕಾಣೆಯಾದವರೂ ಸುಮಾರು ೬೯,೦೦೦ ಎಂದು ಮುಂದೆ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೆಚುವಾ ಮೊದಲಾದ ದೇಶೀ ಭಾಷೆಗಳನ್ನಾಡುವ ಬೆಟ್ಟದ ಜನ. ಬದುಕಲೆಂದು ಓಡಿಬಂದವರು ರಾಜಧಾನಿ ಲಿಮಾದ ಸುತ್ತಲ ಮರಳುಗಾಡಿನಲ್ಲಿ ಚಾಪೆಯ ಗೋಡೆಗಳ ಗುಡಿಸಲು ಹಾಕಿಕೊಂಡರು. ಆ ಬಡಾವಣೆಗಳಿಗೆ ಸರ್ಕಾರ ಕೊಟ್ಟ ಹೆಸರು 'ಎಳೆಯ ಊರುಗಳು'. ನೀರು, ದೀಪ, ಕೆಲಸ ಯಾವುದೂ ಇಲ್ಲದಿದ್ದರೂ ಅಲ್ಲಿಯವರ ಕೈಯಲ್ಲಿ ಮತವಿತ್ತು. ಅನಕ್ಷರಸ್ಥರಿಗೂ ಮತದಾನದ ಹಕ್ಕು ಬಂದದ್ದು ೧೯೭೯ರ ಸಂವಿಧಾನದಿಂದ. ಮತ ಹಾಕುವುದು ಅಲ್ಲಿ ಕಡ್ಡಾಯ, ಹಾಕದವನಿಗೆ ದಂಡ. ಮನಸ್ಸು ಗೊಂದಲದಲ್ಲಿದ್ದರೂ ಮನೆಯಲ್ಲೇ ಕುಳಿತುಕೊಳ್ಳುವ ಹಾಗಿರಲಿಲ್ಲ.

ಈ ಹೊತ್ತಿನಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ಮಾರಿಯೊ ವಾರ್ಗಾಸ್ ಯೋಸಾ. ಜಗತ್ಪ್ರಸಿದ್ಧ ಕಾದಂಬರಿಕಾರ, ೨೦೧೦ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ೧೯೮೭ರಲ್ಲಿ ಗಾರ್ಸಿಯಾ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಹೊರಟಾಗ ಲಿಮಾದ ಸ್ಯಾನ್ ಮಾರ್ಟಿನ್ ಚೌಕದಲ್ಲಿ ಬೃಹತ್ ಸಭೆ ನಡೆಸಿ ಅವರು ರಾಜಕೀಯಕ್ಕೆ ಇಳಿದರು. ಆವರೆಗೆ ಯಾವ ಅಧಿಕಾರದಲ್ಲೂ ಇದ್ದವರಲ್ಲ. ಆದ್ದರಿಂದ ಮೊದಲಿಗೆ 'ಹೊರಗಿನವರು' ಎನಿಸಿಕೊಂಡವರು ಅವರೇ. ಆದರೆ ಚುನಾವಣೆಗೆಂದು ಎರಡು ಹಳೆಯ ಪಕ್ಷಗಳ ಜೊತೆ ಕೂಡಿ 'ಫ್ರೆಡೆಮೊ' ಎಂಬ ಒಕ್ಕೂಟ ಕಟ್ಟಿಕೊಂಡರು. ಅದರ ಅಭ್ಯರ್ಥಿಗಳು ದೂರದರ್ಶನದ ಜಾಹೀರಾತುಗಳಿಗೆ ಹಣವನ್ನು ನೀರಿನಂತೆ ಸುರಿದರು. ಜನ ನೋಡಿದ್ದು ಬಿಳಿಯ ಮೈಬಣ್ಣದ, ಶ್ರೀಮಂತ ಬಡಾವಣೆಗಳ, ಮೊದಲೇ ಕಂಡಿದ್ದ ಮುಖಗಳನ್ನು.

ವಾರ್ಗಾಸ್ ಯೋಸಾ ಅವರದು ಒಂದು ದೊಡ್ಡ ಗುಣ: ಮಾಡಲಿರುವುದನ್ನು ಅವರು ಮುಚ್ಚಿಡಲಿಲ್ಲ. ಬೆಲೆಗಳ ಮೇಲಿನ ಹಿಡಿತವನ್ನು ಒಮ್ಮೆಗೇ ತೆಗೆಯಬೇಕು, ಸರ್ಕಾರಿ ಉದ್ದಿಮೆಗಳನ್ನು ಮಾರಬೇಕು, ಸ್ವಲ್ಪಕಾಲ ಕಷ್ಟವಾಗುತ್ತದೆ ಎಂದು ಸಾರಿ ಹೇಳಿದರು. ಈ 'ಆಘಾತ ಚಿಕಿತ್ಸೆ'ಯನ್ನು ಕೇಳಿದ ಬಡವನಿಗೆ ಚಿಕಿತ್ಸೆಯ ಮಾತು ಕಿವಿಗೆ ಬೀಳಲಿಲ್ಲ, ಆಘಾತವಷ್ಟೇ ಬಿತ್ತು. ಹೆರ್ನಾಂಡೊ ಡೆ ಸೋಟೊ ಅವರು ಲಿಮಾದ ಬೀದಿ ವ್ಯಾಪಾರಿಗಳ ಸಾಹಸವನ್ನು ಕುರಿತು ೧೯೮೬ರಲ್ಲಿ ಪ್ರಕಟಿಸಿದ 'ಇನ್ನೊಂದು ಹಾದಿ' ಎಂಬ ಪುಸ್ತಕಕ್ಕೆ ಮುನ್ನುಡಿ ಬರೆದವರು ಇದೇ ವಾರ್ಗಾಸ್ ಯೋಸಾ. ಆ ವ್ಯಾಪಾರಿಗಳು ಮಾತ್ರ ಅವರಿಗೆ ಒಲಿಯಲಿಲ್ಲ.

ಅವರು ಒಲಿದದ್ದು ಆಲ್ಬೆರ್ಟೊ ಫುಜಿಮೊರಿಗೆ. ೧೯೩೮ರಲ್ಲಿ ಲಿಮಾದಲ್ಲಿ ಹುಟ್ಟಿದ ಈತ ಕೃಷಿ ಇಂಜಿನಿಯರ್. ಲಾ ಮೊಲಿನಾದ ಕೃಷಿ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದವನು. 'ಬದಲಾವಣೆ ೯೦' ಎಂಬ ಹೊಸ ಪಕ್ಷ ಕಟ್ಟಿ 'ಪ್ರಾಮಾಣಿಕತೆ, ತಂತ್ರಜ್ಞಾನ, ದುಡಿಮೆ' ಎಂಬ ಮೂರು ಮಾತುಗಳನ್ನು ಹಿಡಿದು, ಟ್ರ್ಯಾಕ್ಟರ್ ಏರಿ ಊರೂರು ತಿರುಗಿದ. ಮತದಾನಕ್ಕೆ ತಿಂಗಳಿರುವವರೆಗೂ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಅವನಿಗೆ ಪ್ರತ್ಯೇಕ ಸಾಲು ಇರಲಿಲ್ಲ. 'ಇತರರು' ಎಂಬಲ್ಲಿ ಸೇರಿದ್ದ. ಉಪಾಧ್ಯಕ್ಷ ಸ್ಥಾನಗಳಿಗೆ ಅವನ ಜೊತೆ ನಿಂತವರು ಕುಸ್ಕೊ ಸೀಮೆಯ ಒಬ್ಬ ಸಣ್ಣ ಉದ್ಯಮಿ ಮತ್ತು ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ. ಪೂರ್ವ ಏಷ್ಯದ ಮುಖಚರ್ಯೆಯವರನ್ನೆಲ್ಲ ಲಿಮಾದ ಜನ 'ಚೀನೊ' ಎಂದು ಕರೆಯುತ್ತಿದ್ದರು. ಆತ ಆ ಹೆಸರನ್ನೇ ತನ್ನ ಬಾವುಟ ಮಾಡಿಕೊಂಡ. 'ನಿಮ್ಮಂಥವನೇ ಒಬ್ಬ ಅಧ್ಯಕ್ಷ' ಎಂಬುದು ಅವನ ಘೋಷಣೆ. ಮುಖ ಬೇರೆ, ಮನೆಮಾತು ಬೇರೆ. ಆದರೂ ಬೆಟ್ಟದಿಂದ ಇಳಿದುಬಂದವನಿಗೆ ಇವನೂ ತನ್ನ ಹಾಗೆ ಬಾಗಿಲ ಹೊರಗೆ ನಿಂತವನು ಎನಿಸಿತು. ಊರು ಬಿಟ್ಟು ಬಂದು ಸಂಸಾರ ಹೂಡಿದ ನಮ್ಮಂಥವರಿಗೆ ಈ ನೆಂಟಸ್ತಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಪ್ರಿಲ್ ೮ರ ಮೊದಲ ಸುತ್ತಿನಲ್ಲಿ ವಾರ್ಗಾಸ್ ಯೋಸಾ ನೂರಕ್ಕೆ ಸುಮಾರು ೩೩, ಫುಜಿಮೊರಿ ೨೯ ಮತ ಪಡೆದರು. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರಲಿಲ್ಲವಾಗಿ ಜೂನ್ ೧೦ಕ್ಕೆ ಇಬ್ಬರ ನಡುವೆ ಎರಡನೆಯ ಸುತ್ತು ಗೊತ್ತಾಯಿತು. ಪೆರುವಿನ ಮತದಾರನ ಒಳಜಗಳ ನಿಜವಾಗಿ ಶುರುವಾದದ್ದು ಆ ಎರಡು ತಿಂಗಳಲ್ಲಿ.

ಎಡಪಕ್ಷದವರನ್ನು ನೋಡಿ. ಫುಜಿಮೊರಿ ಯಾರು, ಅವನ ನೀತಿ ಏನು ಎಂಬುದು ಅವರಿಗೆ ತಿಳಿಯದು. ಆದರೆ ಇನ್ನೊಬ್ಬರ ನೀತಿ ಚೆನ್ನಾಗಿ ತಿಳಿದಿತ್ತು. ತಿಳಿದ ಕೆಡುಕಿಗಿಂತ ತಿಳಿಯದ್ದೇ ವಾಸಿ ಎಂದು ಅತ್ತ ವಾಲಿದರು. ಅಪ್ರಾ ಮತದಾರರದೂ ಇದೇ ಲೆಕ್ಕ. ಧರ್ಮದ ವಿಷಯದಲ್ಲಂತೂ ಗೊಂದಲ ವಿಪರೀತಕ್ಕೆ ಹೋಯಿತು. ಫುಜಿಮೊರಿ ಕ್ಯಾಥೊಲಿಕ್, ಅವನ ಪರವಾಗಿ ಮನೆಮನೆ ಸುತ್ತಿದವರು ಪ್ರಾಟೆಸ್ಟೆಂಟ್ ಪ್ರಚಾರಕರು. ವಾರ್ಗಾಸ್ ಯೋಸಾ ತಾವು ದೇವರ ವಿಷಯದಲ್ಲಿ ಸಂಶಯವಾದಿ ಎಂದು ಬಹಿರಂಗವಾಗಿ ಹೇಳಿಕೊಂಡವರು. ಅವರತ್ತ ಒಲವು ತೋರಿದವರು ಕ್ಯಾಥೊಲಿಕ್ ಬಿಷಪ್ಪರು! ಆಸ್ತಿಕ ಕ್ಯಾಥೊಲಿಕನೊಬ್ಬ ತನ್ನ ಗುರುಗಳ ಮಾತು ಕೇಳಿದರೆ ಸಂಶಯವಾದಿಗೆ ಮತ ಹಾಕಬೇಕಿತ್ತು.

ಎಲ್ಲಕ್ಕಿಂತ ಮನಕಲಕುವುದು ಪೆರುವಿನ ಜಪಾನಿ ಸಮುದಾಯದ ಪಾಡು. ೧೮೯೯ರ ಏಪ್ರಿಲ್‌ನಲ್ಲಿ 'ಸಕುರಾ ಮಾರು' ಎಂಬ ಹಡಗು ೭೯೦ ಜನರನ್ನು ಹೊತ್ತು ಕಾಯಾವೊ ಬಂದರಿಗೆ ಬಂದಂದಿನಿಂದ ಅವರು ಆ ದೇಶದಲ್ಲಿದ್ದಾರೆ. ಕಬ್ಬಿನ ತೋಟದ ಕೂಲಿಯಿಂದ ಆರಂಭಿಸಿ ಕ್ಷೌರದಂಗಡಿ, ದಿನಸಿ ಅಂಗಡಿಗಳವರೆಗೆ ಬೆಳೆದರು. ೧೯೪೦ರ ಮೇ ತಿಂಗಳಲ್ಲಿ ಲಿಮಾದಲ್ಲಿ ಗಲಭೆಯೆದ್ದು ಜಪಾನಿಯರ ನೂರಾರು ಅಂಗಡಿ-ಮನೆಗಳು ಲೂಟಿಯಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರು ೧,೮೦೦ ಜನರನ್ನು ಪೆರು ಸರ್ಕಾರ ಹಿಡಿದು ಅಮೆರಿಕದ ಬಂಧನ ಶಿಬಿರಗಳಿಗೆ ಸಾಗಿಸಿತು. ಅರ್ಧ ಶತಮಾನದ ಮೇಲೆ ತಮ್ಮವನೊಬ್ಬ ಅಧ್ಯಕ್ಷನಾಗುವ ಸಂಭವ ಬಂದಾಗ ಅವರು ಹಿಗ್ಗಬೇಕಿತ್ತಲ್ಲವೆ? ಅನೇಕರು ಅಂಜಿದರು. ಅವನು ಗೆದ್ದು ಸೋತುಹೋದರೆ ತಪ್ಪು ಅವನೊಬ್ಬನದಾಗುವುದಿಲ್ಲ, ನಮ್ಮೆಲ್ಲರದಾಗುತ್ತದೆ ಎಂಬುದು ಅವರ ಚಿಂತೆ. ಚುನಾವಣೆಯ ಕಾವಿನಲ್ಲಿ ಬೀದಿಯಲ್ಲಿ ಅವಮಾನಕ್ಕೆ ಗುರಿಯಾದವರೂ ಇದ್ದರು. ಹೆಮ್ಮೆ, ಭಯ ಎರಡನ್ನೂ ಒಟ್ಟಿಗೆ ಕಟ್ಟಿಕೊಂಡು ಅವರು ಮತಗಟ್ಟೆಗೆ ನಡೆದರು.

ಫುಜಿಮೊರಿ ೬೨, ವಾರ್ಗಾಸ್ ಯೋಸಾ ೩೮. ಜುಲೈ ೨೮ರಂದು ಪ್ರಮಾಣವಚನ. ಆಗಸ್ಟ್ ೮ರ ರಾತ್ರಿ ಹಣಕಾಸು ಮಂತ್ರಿ ದೂರದರ್ಶನದಲ್ಲಿ ಕಾಣಿಸಿಕೊಂಡು ಹೊಸ ಬೆಲೆಗಳನ್ನು ಓದಿ, ದೇವರು ನಮಗೆ ನೆರವಾಗಲಿ ಎಂದು ಮಾತು ಮುಗಿಸಿದರು. ಬೆಳಗಾದರೆ ಪೆಟ್ರೋಲಿನ ಬೆಲೆ ಸುಮಾರು ಮೂವತ್ತು ಪಟ್ಟು! ಯಾವ ಆಘಾತಕ್ಕೆ ಹೆದರಿ ಜನ ಇವನ ಬಳಿಗೆ ಬಂದಿದ್ದರೋ ಅದನ್ನು ಹನ್ನೊಂದೇ ದಿನಗಳಲ್ಲಿ ಇವನೇ ಕೊಟ್ಟ. ಬಡಾವಣೆಗಳ ಹೆಂಗಸರು ಸಾಮೂಹಿಕ ಅಡಿಗೆಮನೆಗಳಲ್ಲಿ ದೊಡ್ಡ ಪಾತ್ರೆಯಿಟ್ಟು ಬೇಯಿಸಿದ್ದರಿಂದ ಎಷ್ಟೋ ಸಂಸಾರಗಳ ಹೊಟ್ಟೆ ನಡೆಯಿತು.

ಇಷ್ಟು ದೊಡ್ಡ ವಚನಭಂಗವಾದ ಮೇಲೆ ಜನ ದಂಗೆಯೇಳಬೇಕಿತ್ತು ಎಂದು ನಮಗೆ ಅನ್ನಿಸುತ್ತದೆ. ಹಾಗಾಗಲಿಲ್ಲ. ೧೯೯೨ರ ಏಪ್ರಿಲ್ ೫ರಂದು ಸೈನ್ಯವನ್ನು ಬೆನ್ನಿಗಿಟ್ಟುಕೊಂಡು ಫುಜಿಮೊರಿ ಸಂಸತ್ತನ್ನೇ ಮುಚ್ಚಿದ. ಸಮೀಕ್ಷೆಗಳಲ್ಲಿ ನೂರಕ್ಕೆ ೮೦ರ ಆಸುಪಾಸು ಜನ ಸರಿ ಎಂದರು. ಸೆಪ್ಟೆಂಬರ್ ೧೨ರಂದು 'ಹೊಳೆವ ಹಾದಿ'ಯ ನಾಯಕ ಅಬಿಮಾಯೆಲ್ ಗುಸ್ಮಾನ್ ಲಿಮಾದಲ್ಲಿ ಸೆರೆಸಿಕ್ಕ. ಆದರೆ ಮರುವರ್ಷ ಹೊಸ ಸಂವಿಧಾನವನ್ನು ಜನರ ಮುಂದಿಟ್ಟಾಗ 'ಹೌದು' ಎಂದವರು ನೂರಕ್ಕೆ ೫೨ ಮಾತ್ರ. ಮನುಷ್ಯ ಬೇಕು, ಅವನ ಕೈಗೆ ಇಷ್ಟು ಅಧಿಕಾರ ಬೇಡ ಎಂಬ ಅಳುಕು ಆ ಅಂಕಿಯಲ್ಲಿದೆ. ೧೯೯೫ರ ಹೊತ್ತಿಗೆ ಬೆಲೆಯೇರಿಕೆ ನೂರಕ್ಕೆ ಹತ್ತರ ಮಟ್ಟಕ್ಕೆ ಇಳಿದಿತ್ತು; ಆ ವರ್ಷ ಅವನು ನೂರಕ್ಕೆ ೬೪ ಮತಗಳಿಂದ ಮತ್ತೆ ಗೆದ್ದ.

ಲೆಕ್ಕಪುಸ್ತಕದ ಇನ್ನೊಂದು ಪುಟವನ್ನೂ ತೆರೆಯಬೇಕು. ೧೯೯೧ರಲ್ಲಿ ಬಾರಿಯೋಸ್ ಆಲ್ಟೋಸ್ ಎಂಬಲ್ಲಿ ೧೫ ಜನರನ್ನು, ೧೯೯೨ರಲ್ಲಿ ಲಾ ಕಾಂತೂತಾ ವಿಶ್ವವಿದ್ಯಾಲಯದ ಒಂಬತ್ತು ವಿದ್ಯಾರ್ಥಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಸೈನ್ಯದ ಗುಪ್ತ ತಂಡ ಕೊಂದಿತು. ೧೯೯೦ರ ದಶಕದ ಉತ್ತರಾರ್ಧದಲ್ಲಿ ಕುಟುಂಬ ಯೋಜನೆಯ ಹೆಸರಿನಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಹೆಂಗಸರಿಗೆ ಶಸ್ತ್ರಕ್ರಿಯೆ ನಡೆಯಿತು; ಒಪ್ಪಿಗೆಯಿಲ್ಲದೆ, ಒತ್ತಾಯದಿಂದ ಮಾಡಿದರೆಂದು ಸಾವಿರಾರು ಮಂದಿ ದೂರು ಕೊಟ್ಟರು. ಅವರಲ್ಲಿ ಬಹುಮಂದಿ ಅದೇ ಬೆಟ್ಟದ ಸೀಮೆಯ ಬಡವರು, 'ನಿಮ್ಮಂಥವನೇ' ಎಂಬ ಮಾತನ್ನು ಕೇಳಿಸಿಕೊಂಡವರು.

೨೦೦೦ದ ಸೆಪ್ಟೆಂಬರ್‌ನಲ್ಲಿ ಅವನ ಬಲಗೈಯಾಗಿದ್ದ ಮಾಂಟೆಸಿನೋಸ್ ಶಾಸಕನೊಬ್ಬನಿಗೆ ಲಂಚ ಕೊಡುವ ಚಿತ್ರ ದೂರದರ್ಶನದಲ್ಲಿ ಬಂತು. ನವೆಂಬರ್‌ನಲ್ಲಿ ಫುಜಿಮೊರಿ ಟೋಕಿಯೋದಿಂದ ಫ್ಯಾಕ್ಸ್ ಮೂಲಕ ರಾಜೀನಾಮೆ ಕಳಿಸಿದ. ಮುಂದೆ ಚಿಲಿಯಲ್ಲಿ ಸಿಕ್ಕಿಬಿದ್ದು ೨೦೦೯ರಲ್ಲಿ ೨೫ ವರ್ಷಗಳ ಶಿಕ್ಷೆಗೆ ಒಳಗಾದ. ೨೦೨೩ರ ಕೊನೆಯಲ್ಲಿ ಬಿಡುಗಡೆಯಾಗಿ ೨೦೨೪ರ ಸೆಪ್ಟೆಂಬರ್ ೧೧ರಂದು ತೀರಿಕೊಂಡ. ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿ ನಿಂತರು. ಕೊಲೆಯಾದವರ ಕುಟುಂಬಗಳು ಸರ್ಕಾರಿ ಗೌರವವನ್ನು ಖಂಡಿಸಿದವು. ಅವನ ಮಗಳು ಕೆಯ್ಕೊ ೨೦೧೧, ೨೦೧೬, ೨೦೨೧ರಲ್ಲಿ ಅಧ್ಯಕ್ಷ ಪದವಿಗೆ ನಿಂತು ಮೂರು ಸಲವೂ ಕೊನೆಯ ಸುತ್ತಿನಲ್ಲಿ ಸೋತಳು. ೨೦೨೧ರಲ್ಲಿ ಸೋಲಿನ ಅಂತರ ಸುಮಾರು ೪೪,೦೦೦ ಮತ. ದೇಶ ತಂದೆಯನ್ನು ಕುರಿತ ತನ್ನ ಮನಸ್ಸನ್ನು ಇನ್ನೂ ಇತ್ಯರ್ಥ ಮಾಡಿಕೊಂಡಿರಲಿಲ್ಲ.

ಆ ೨೦೨೧ರ ಚುನಾವಣೆಯಲ್ಲಿ ಒಂದು ಸಂಗತಿ ನಡೆಯಿತು. ಮೂರು ದಶಕ ಫುಜಿಮೊರಿಯ ಸರ್ವಾಧಿಕಾರವನ್ನು ಬಿಡದೆ ಖಂಡಿಸಿದ್ದ, ೨೦೧೧ರಲ್ಲಿ ಅವನ ಮಗಳ ಎದುರಾಳಿಯನ್ನು ಬೆಂಬಲಿಸಿದ್ದ ವಾರ್ಗಾಸ್ ಯೋಸಾ ಈ ಸಲ ಕೆಯ್ಕೊಗೆ ಮತ ಹಾಕಿರೆಂದು ಕರೆಕೊಟ್ಟರು. ಎದುರಿಗಿದ್ದವನು ಹಳ್ಳಿ ಶಾಲೆಯ ಮೇಷ್ಟ್ರು ಪೆದ್ರೊ ಕಾಸ್ಟಿಯೊ, ಇನ್ನೊಬ್ಬ ಹೊರಗಿನವನು. ಅವನಿಗಿಂತ ಈಕೆಯಿಂದ ಕೇಡು ಕಡಿಮೆ ಎಂಬುದು ಅವರ ವಾದ. ೧೯೯೦ರಲ್ಲಿ ಮರಳುಗಾಡಿನ ಗುಡಿಸಲಿನವನು ತಿಳಿದ ಕೇಡು, ತಿಳಿಯದ ಕೇಡುಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ್ದ. ಆ ತಕ್ಕಡಿಯೇ ಈಗ ನೊಬೆಲ್ ಪುರಸ್ಕೃತರ ಕೈಗೂ ಬಂದಿತ್ತು. ಅವರೂ ೨೦೨೫ರ ಏಪ್ರಿಲ್‌ನಲ್ಲಿ ಲಿಮಾದಲ್ಲಿ ಕಾಲವಾದರು.

ಆದ್ದರಿಂದ ಆ ೬೨ರ ಮತದಾರರನ್ನು ದಡ್ಡರೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಮನೆಯೊಳಗೆ ಇದ್ದವರು ಬಾಗಿಲು ಹಾಕಿಕೊಂಡೇ ಇದ್ದರೆ, ಹೊರಗಿನವನು ಯಾರೆಂದು ವಿಚಾರಿಸುವ ತಾಳ್ಮೆ ಹೊರಗೆ ನಿಂತವರಿಗೆ ಉಳಿಯುವುದಿಲ್ಲ. ಆದರೆ ಹೊರಗಿನವನು ಎಂಬುದು ಅವನು ನಿಂತ ಜಾಗವನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ. ಗದ್ದುಗೆಯ ಮೇಲೆ ಕುಳಿತ ಗಳಿಗೆಗೇ ಅವನು ಒಳಗಿನವನಾಗುತ್ತಾನೆ. ಆಮೇಲೆ ಅವನ ಕೈ ಹಿಡಿದು ತಡೆಯಲು ಸಂಸತ್ತು, ನ್ಯಾಯಾಲಯ, ಪತ್ರಿಕೆಗಳು ಬೇಕೇ ಬೇಕು. ಪೆರುವಿನ ಜನ ಫುಜಿಮೊರಿಯನ್ನು ಆರಿಸಿದ್ದಕ್ಕಿಂತ, ೧೯೯೨ರಲ್ಲಿ ಅವನು ಸಂಸತ್ತಿಗೆ ಬೀಗ ಹಾಕಿದಾಗ ನಿಟ್ಟುಸಿರು ಬಿಟ್ಟು ಸುಮ್ಮನಾದದ್ದು ಅವರಿಗೆ ಹೆಚ್ಚು ದುಬಾರಿಯಾಯಿತು.