ಬೀದಿಯಿಂದ ಆರಿಸಿ ತಂದ ನಾಯಿಗಳು

ನಾಯಿಮರಿ ಆರಿಸುವಾಗ ನಮ್ಮ ಹಳ್ಳಿಗಳ ಹಿರಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತಿದಾಗ ಕುಂಯ್ ಅನ್ನದ ಮರಿ ಗಟ್ಟಿ ಅನ್ನುತ್ತಾರೆ ಒಬ್ಬರು. ಇನ್ನೊಬ್ಬರು ಕಾಲಿನ ಉಗುರು ಎಣಿಸುತ್ತಾರೆ. ಹೊಲ ಕಾಯಲು ಬೇಕೋ, ಕುರಿ ಹಿಂಡಿನ ಜೊತೆ ಕಳಿಸಲು ಬೇಕೋ, ಮನೆ ಬಾಗಿಲಲ್ಲಿ ಬಿದ್ದಿರಲು ಬೇಕೋ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಮುಧೋಳದ ಹತ್ತಿರದ ತಿಮ್ಮಾಪುರದಿಂದ 2016ರಲ್ಲಿ ಮುಧೋಳ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದದ್ದು ನಿಮಗೆ ನೆನಪಿರಬಹುದು. ಅಲ್ಲಿ ನೋಡಿದ್ದು ತಳಿ.

ಈ ಸಲ ನಾವು ಹೇಳಹೊರಟಿರುವುದು ತಳಿಯೇ ಬೇಡ, ಕಂತ್ರಿ ನಾಯಿಯೇ ಬೇಕು ಎಂದು ಹುಡುಕಿಕೊಂಡು ಹೋದವರ ಕತೆ. ಊರು ಮಾಸ್ಕೋ. ಕಾಲ 1950ರ ಆಸುಪಾಸು. ಕೆಲಸ, ನಾಯಿಯನ್ನು ರಾಕೆಟ್‌ನಲ್ಲಿ ಕೂರಿಸಿ ಆಕಾಶಕ್ಕೆ ಕಳಿಸುವುದು.

ಮನುಷ್ಯ ಅಷ್ಟು ಎತ್ತರಕ್ಕೆ ಹೋದರೆ ಬದುಕುತ್ತಾನೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ಮೇಲೆ ಹೋದಾಗ ಮೈಗೆ ತೂಕವೇ ಇಲ್ಲದಂತಾಗುತ್ತದೆ. ಅಂಥ ಹೊತ್ತಿನಲ್ಲಿ ಹೃದಯ ಬಡಿದುಕೊಳ್ಳುತ್ತದೆಯೇ, ಉಸಿರು ಆಡುತ್ತದೆಯೇ? ಮೊದಲು ಯಾವುದಾದರೂ ಪ್ರಾಣಿಯನ್ನು ಕಳಿಸಿ ನೋಡಬೇಕಿತ್ತು. ಅಮೆರಿಕದವರು ಕೋತಿಗಳನ್ನು ಆರಿಸಿಕೊಂಡರು. ಸೋವಿಯತ್ ವೈದ್ಯರಿಗೆ ಕೋತಿ ಹಿಡಿಸಲಿಲ್ಲ. ಕೋತಿ ಬೇಗ ಗಾಬರಿಯಾಗುತ್ತದೆ, ಕಟ್ಟಿದ ತಂತಿ ಕೀಳುತ್ತದೆ, ಶೀತ ಹಿಡಿಯುತ್ತದೆ. ನಾಯಿಯ ದೇಹವಾದರೋ ಅವರಿಗೆ ಅಂಗೈ ಗೆರೆಯಂತೆ ಗೊತ್ತಿತ್ತು. 1904ರಲ್ಲಿ ನೊಬೆಲ್ ಪಡೆದ ಇವಾನ್ ಪಾವ್ಲೊವ್ ವರ್ಷಗಟ್ಟಲೆ ನಾಯಿಗಳ ಮೇಲೇ ಪ್ರಯೋಗ ಮಾಡಿದ್ದ ದೇಶ ಅದು.

ಆಯ್ಕೆಯ ಜವಾಬ್ದಾರಿ ಹೊತ್ತವರು ವಾಯುಯಾನ ವೈದ್ಯ ಸಂಸ್ಥೆಯ ವ್ಲಾದಿಮಿರ್ ಯಾಜ್ದೊವ್‌ಸ್ಕಿ. ಸಾಕಿದ ಜಾತಿ ನಾಯಿ ಅವರಿಗೆ ಬೇಡವಾಗಿತ್ತು. ಮಾಸ್ಕೋದ ಚಳಿ ಎಂದರೆ ನೀರು ಕಲ್ಲಾಗುವ ಚಳಿ. ಆ ಚಳಿಯಲ್ಲಿ ಬೀದಿಯಲ್ಲಿ ಮಲಗಿ, ಸಿಕ್ಕಿದ್ದು ತಿಂದು, ದೊಡ್ಡ ನಾಯಿಗಳಿಂದ ತಪ್ಪಿಸಿಕೊಂಡು ಬದುಕಿ ಉಳಿದ ನಾಯಿಯನ್ನು ಬೀದಿಯೇ ಅರ್ಧ ಪರೀಕ್ಷೆ ಮಾಡಿರುತ್ತದೆ. ಉಳಿದರ್ಧವನ್ನು ಇವರು ಮಾಡಿದರೆ ಸಾಕಿತ್ತು.

ಬೀದಿಯಲ್ಲಿ ಕಂಡದ್ದೆಲ್ಲ ಆಗುತ್ತಿರಲಿಲ್ಲ. ತೂಕ ಆರೇಳು ಕಿಲೋ ದಾಟಬಾರದು, ಎತ್ತರ 35 ಸೆಂಟಿಮೀಟರ್ ಒಳಗಿರಬೇಕು, ಏಕೆಂದರೆ ರಾಕೆಟ್‌ನಲ್ಲಿ ಜಾಗ ಇದ್ದದ್ದೇ ಅಷ್ಟು. ವಯಸ್ಸು ಎರಡರಿಂದ ಆರು. ಬಣ್ಣ ಬಿಳಿ ಅಥವಾ ತಿಳಿಯಾಗಿರಬೇಕು, ಕತ್ತಲ ಗೂಡಿನಲ್ಲಿ ತೆಗೆಯುವ ಫಿಲ್ಮಿನಲ್ಲಿ ಕರಿ ನಾಯಿ ಕಾಣುವುದಿಲ್ಲ. ದಿನಗಟ್ಟಲೆ ಮೇಲಿರುವ ಹಾರಾಟಕ್ಕಾದರೆ ಹೆಣ್ಣೇ ಆಗಬೇಕು. ಇದರ ಕಾರಣ ಓದಿದಾಗ ನಮಗೆ ನಗು ತಡೆಯಲಾಗಲಿಲ್ಲ. ಗಂಡು ನಾಯಿ ಉಚ್ಚೆ ಹೊಯ್ಯಲು ಕಾಲೆತ್ತಬೇಕು, ಆ ಗೂಡಿನಲ್ಲಿ ಕಾಲೆತ್ತಲು ಜಾಗ ಎಲ್ಲಿ? ಮಲಮೂತ್ರ ಹಿಡಿಯುವ ಚೀಲ ಕಟ್ಟುವುದೂ ಹೆಣ್ಣಿಗೇ ಸುಲಭ.

ಅಳತೆಗೆ ಸಿಕ್ಕಿದ ಮೇಲೆ ಗುಣದ ಪರೀಕ್ಷೆ. ನಾಯಿಯನ್ನು ಚಿಕ್ಕ ಬೋನಿನಲ್ಲಿ ಇಡುತ್ತಿದ್ದರು. ಆಮೇಲೆ ಅದಕ್ಕಿಂತ ಚಿಕ್ಕದು, ಆಮೇಲೆ ಮೈ ತಿರುಗಿಸಲೂ ಆಗದಂಥದ್ದು. ಹೀಗೆ ಒಂದೇ ಸಲಕ್ಕೆ ಹದಿನೈದು, ಇಪ್ಪತ್ತು ದಿನ. ಜಾತ್ರೆಯ ತೊಟ್ಟಿಲಿಗಿಂತ ಎಷ್ಟೋ ಪಾಲು ಜೋರಾಗಿ ಗರಗರ ತಿರುಗಿಸುವ ಯಂತ್ರದಲ್ಲಿ ಕೂರಿಸುತ್ತಿದ್ದರು. ರಾಕೆಟ್‌ನ ಸದ್ದು, ಅದುರಾಟ ಅಭ್ಯಾಸ ಮಾಡಿಸುತ್ತಿದ್ದರು. ಕಟ್ಟಿಹಾಕಿದ ಕೆಲವು ನಾಯಿಗಳು ಎಷ್ಟು ಹೊತ್ತಾದರೂ ಮೂತ್ರ ಮಾಡುತ್ತಲೇ ಇರಲಿಲ್ಲ. ಅದಕ್ಕೆ ಔಷಧಿ ಕೊಟ್ಟರೂ ಪ್ರಯೋಜನವಾಗಲಿಲ್ಲ, ದಿನವೂ ರೂಢಿ ಮಾಡಿಸುವುದೊಂದೇ ದಾರಿಯಾಯಿತು. ಕಚ್ಚುವ ನಾಯಿ, ಹೆದರಿ ಮುದುಡುವ ನಾಯಿ, ಊಟ ಬಿಡುವ ನಾಯಿ ಒಂದೊಂದಾಗಿ ಪಟ್ಟಿಯಿಂದ ಹೊರಬಿದ್ದವು. ಕೊನೆಗೆ ಉಳಿಯುತ್ತಿದ್ದದ್ದು ಏನು ಮಾಡಿದರೂ ಸಹಿಸಿಕೊಂಡು, ಮಾಡಿದವರ ಕೈಯನ್ನೇ ನೆಕ್ಕುವ ನಾಯಿ.

ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1951ರ ಜುಲೈ 22ರಂದು ಕಪೂಸ್ತಿನ್ ಯಾರ್ ಎಂಬ ಬಯಲಿನಿಂದ ದೇಜಿಕ್ ಮತ್ತು ತ್ಸಿಗಾನ್ ಎಂಬ ಎರಡು ನಾಯಿಗಳು ಸುಮಾರು 100 ಕಿಲೋಮೀಟರ್ ಎತ್ತರಕ್ಕೆ ಹೋಗಿ ಪ್ಯಾರಾಚೂಟ್‌ನಲ್ಲಿ ಜೀವಂತ ಇಳಿದವು. ಒಂದು ವಾರದ ನಂತರ ದೇಜಿಕ್‌ನನ್ನು ಲೀಸಾ ಎಂಬ ನಾಯಿಯ ಜೊತೆ ಮತ್ತೆ ಕಳಿಸಿದರು. ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ, ಎರಡೂ ಸತ್ತವು. ಆಗ ಆ ಪ್ರಯೋಗಗಳ ಮುಖ್ಯಸ್ಥರಾಗಿದ್ದ ವಿಜ್ಞಾನಿ ಬ್ಲಾಗನ್ರಾವೊವ್ ತ್ಸಿಗಾನ್ ಇನ್ನು ಹಾರುವುದು ಬೇಡ ಎಂದು ತಮ್ಮ ಮನೆಗೇ ಕರೆದುಕೊಂಡು ಹೋದರು.

ಆ ವರ್ಷದ್ದೇ ಇನ್ನೆರಡು ಪ್ರಸಂಗ. ಸ್ಮೇಲಾಯಾ ಎಂಬ ನಾಯಿ ಹಾರಾಟದ ಹಿಂದಿನ ದಿನ ತಪ್ಪಿಸಿಕೊಂಡಿತು. ಆ ಬಯಲಲ್ಲಿ ತೋಳಗಳಿದ್ದವು, ತಿಂದು ಹಾಕಿರಬೇಕು ಎಂದುಕೊಂಡರು. ಮಾರನೆಯ ದಿನ ಅದೇ ತಿರುಗಿ ಬಂತು! ಹೋಗಿ ಸುಖವಾಗಿ ಇಳಿಯಿತು ಕೂಡ. ಆ ಹೆಸರಿಗೆ ರಷ್ಯನ್ನಿನಲ್ಲಿ ಧೈರ್ಯಗಾತಿ ಎಂದರ್ಥ.

ಸೆಪ್ಟೆಂಬರ್ 3ರ ಹಾರಾಟಕ್ಕೆ ಮುನ್ನ ಬೋಬಿಕ್ ಓಡಿಹೋಯಿತು. ಅದು ಮಾತ್ರ ಬರಲಿಲ್ಲ. ರಾಕೆಟ್ ಸಿದ್ಧ, ನಾಯಿ ಇಲ್ಲ. ಅಲ್ಲೇ ಸುತ್ತಮುತ್ತ ಅಲೆಯುತ್ತಿದ್ದ ಒಂದು ನಾಯಿಯನ್ನು ಹಿಡಿದು ತಂದು ಕೂರಿಸಿಬಿಟ್ಟರು. ತರಬೇತಿ ಇಲ್ಲ, ಬೋನಿನ ಪರೀಕ್ಷೆ ಇಲ್ಲ, ಏನೂ ಇಲ್ಲ. ಅದಕ್ಕೆ ಇಟ್ಟ ಹೆಸರು ಜಿಬ್, ‘ಕಾಣೆಯಾದ ಬೋಬಿಕ್‌ಗೆ ಬದಲಿ’ ಎಂಬ ರಷ್ಯನ್ ಮಾತುಗಳ ಮೊದಲಕ್ಷರಗಳು. ಜಿಬ್ ಏನೂ ಆಗದವನಂತೆ ಹೋಗಿ ಬಂದ. ಅಷ್ಟು ಅಳೆದು ತೂಗಿ ಆರಿಸಿದ್ದಕ್ಕೆ ಅರ್ಥವೇನು ಎಂದು ಆ ದಿನ ಯಾರಿಗಾದರೂ ಅನ್ನಿಸಿರಲಾರದೇ? ನಮಗಂತೂ ಅನ್ನಿಸಿತು. ಆದರೆ ಆ ಹಾರಾಟ ಕೆಲವೇ ನಿಮಿಷದ್ದು. ಮುಂದೆ ಬಂದದ್ದು ಬೇರೆ.

1957ರ ಅಕ್ಟೋಬರ್ 4ರಂದು ಮೊದಲ ಉಪಗ್ರಹ ಸ್ಪುಟ್ನಿಕ್ ಮೇಲೇರಿತು. ಜಗತ್ತು ಬೆರಗಾಯಿತು. ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ನವೆಂಬರ್ 7ರ ಕ್ರಾಂತಿಯ ನಲವತ್ತನೆಯ ವಾರ್ಷಿಕೋತ್ಸವದ ಹೊತ್ತಿಗೆ ಇನ್ನೊಂದು ಬೆರಗು ಬೇಕಾಯಿತು. ಒಂದು ತಿಂಗಳಿನಷ್ಟು ಸಮಯದಲ್ಲಿ ನಾಯಿ ಹೊತ್ತ ಉಪಗ್ರಹ ಮಾಡಿದರು. ಅದನ್ನು ಮರಳಿ ಇಳಿಸುವ ವಿದ್ಯೆ ಇನ್ನೂ ಕೈಗೆ ಬಂದಿರಲಿಲ್ಲ. ಹೋದ ನಾಯಿ ಬರುವುದಿಲ್ಲ ಎಂಬುದು ಆರಿಸುವ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು.

ಕೊನೆಯ ಸುತ್ತಿಗೆ ಉಳಿದವು ಮೂರು ಹೆಣ್ಣು ನಾಯಿಗಳು. ಆಲ್ಬಿನಾ, ಮುಷ್ಕಾ ಮತ್ತು ಲೈಕಾ.

ಅನುಭವ ನೋಡಿದರೆ ಆಲ್ಬಿನಾ ಮೊದಲು ನಿಲ್ಲಬೇಕಿತ್ತು. ಅವಳು ಆಗಲೇ ರಾಕೆಟ್‌ನಲ್ಲಿ ಹೋಗಿ ಬಂದವಳು. ಆದರೆ ಆಗಷ್ಟೇ ಮರಿ ಹಾಕಿದ್ದಳು. ಅಷ್ಟು ಕೆಲಸ ಮಾಡಿಕೊಟ್ಟ ಬಾಣಂತಿ ನಾಯಿಯನ್ನು ಸಾಯಲು ಕಳಿಸಲು ಆ ವೈದ್ಯರಿಗೆ ಮನಸ್ಸು ಬರಲಿಲ್ಲ, ಬದಲಿ ಸ್ಥಾನದಲ್ಲಿ ಇಟ್ಟರು. ಮುಷ್ಕಾಳನ್ನು ನೆಲದ ಮೇಲೆ ಉಪಕರಣಗಳ ಪರೀಕ್ಷೆಗೆ ಇಟ್ಟುಕೊಂಡರು. ಉಳಿದವಳು ಲೈಕಾ. ಆರು ಕಿಲೋ ತೂಕ, ಎರಡು ಮೂರು ವರ್ಷದ ಹರೆಯ, ನೋಡಲು ಲಕ್ಷಣ, ಜಗಳ ಗೊತ್ತಿಲ್ಲದವಳು. ಅವಳ ಮೊದಲ ಹೆಸರು ಕುದ್ರ್ಯಾವ್ಕಾ, ಗುಂಗುರು ಕೂದಲಿನವಳು. ಲೈಕಾ ಎಂದರೆ ಬೊಗಳುವವಳು.

ಒಳ್ಳೆಯ ಗುಣವೇ ಅವಳಿಗೆ ಮುಳುವಾಯಿತು ಎಂದು ನಾವು ಹೇಳುತ್ತೇವೆ. ಕಚ್ಚಿದ್ದರೆ, ಊಟ ಬಿಟ್ಟಿದ್ದರೆ, ಬೋಬಿಕ್‌ನಂತೆ ಓಡಿಹೋಗಿದ್ದರೆ ಬದುಕುತ್ತಿದ್ದಳು.

ಯಾಜ್ದೊವ್‌ಸ್ಕಿ ಹೊರಡುವ ಮುಂಚೆ ಅವಳನ್ನು ತಮ್ಮ ಮನೆಗೆ ಕರೆದೊಯ್ದು ಮಕ್ಕಳ ಜೊತೆ ಆಡಲು ಬಿಟ್ಟರು. ಅವಳಿಗೆ ಉಳಿದಿರುವ ದಿನ ಕಡಿಮೆ, ಏನಾದರೂ ಒಳ್ಳೆಯದು ಮಾಡಬೇಕೆನಿಸಿತು ಎಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ಅಕ್ಟೋಬರ್ 31ರಂದು ಅವಳನ್ನು ಗೂಡಿನೊಳಗೆ ಕಟ್ಟಿ ಕೂರಿಸಿದರು. ಚಳಿ ತಾಗದಂತೆ ಕೊಳವೆಯಲ್ಲಿ ಬೆಚ್ಚನೆಯ ಗಾಳಿ ಬಿಟ್ಟರು. ನವೆಂಬರ್ 3ರಂದು ರಾಕೆಟ್ ಎದ್ದಿತು. ನಿಮಿಷಕ್ಕೆ ನೂರರಷ್ಟಿದ್ದ ಹೃದಯದ ಬಡಿತ 240ಕ್ಕೆ ಏರಿತು. ನೆಲದ ಮೇಲಿನ ಅಭ್ಯಾಸದಲ್ಲಿ ತಣ್ಣಗಾಗಲು ಹಿಡಿಯುತ್ತಿದ್ದ ಸಮಯದ ಮೂರರಷ್ಟು ಈಗ ಹಿಡಿಯಿತು. ಗೂಡು ಕಾಯತೊಡಗಿತ್ತು. ಐದಾರು ಗಂಟೆಯ ನಂತರ ಅವಳಿಂದ ಯಾವ ಸೂಚನೆಯೂ ಬರಲಿಲ್ಲ.

ಇದನ್ನು ಹೇಳಲು ನಲವತ್ತೈದು ವರ್ಷ ಬೇಕಾಯಿತು. ಲೈಕಾ ಹಲವು ದಿನ ಚೆನ್ನಾಗಿದ್ದಳು, ನೋವಿಲ್ಲದೆ ಸತ್ತಳು ಎಂದೇ ಸುದ್ದಿ ಹಬ್ಬಿಸಲಾಗಿತ್ತು. ಸತ್ತದ್ದು ಸೆಕೆಯಿಂದ, ಕೆಲವೇ ಗಂಟೆಗಳಲ್ಲಿ ಎಂದು 2002ರಲ್ಲಿ ಹ್ಯೂಸ್ಟನ್ನಿನ ಸಮ್ಮೇಳನದಲ್ಲಿ ರಷ್ಯದ ವಿಜ್ಞಾನಿ ಮಲಾಶೆಂಕೊವ್ ತಿಳಿಸಿದರು. ಪತ್ರಿಕೋದ್ಯಮ ಓದಿದ ನಮಗೆ ಈ ನಲವತ್ತೈದು ವರ್ಷ ಬೇರೆಯೇ ರೀತಿ ಚುಚ್ಚುತ್ತದೆ. ಅವಳ ಫೋಟೋ ಹಾಕದ ಪತ್ರಿಕೆ ಆ ವಾರ ಜಗತ್ತಿನಲ್ಲಿ ಅಪರೂಪ, ಅವಳಿಗೆ ಏನಾಯಿತೆಂದು ಸರಿಯಾಗಿ ಬರೆಯಲು ಮಾತ್ರ ಒಂದಕ್ಕೂ ಆಗಲಿಲ್ಲ. ಸತ್ತ ಲೈಕಾಳನ್ನು ಹೊತ್ತ ಉಪಗ್ರಹ ಭೂಮಿಯನ್ನು ಸುತ್ತುತ್ತಲೇ ಇದ್ದು 1958ರ ಏಪ್ರಿಲ್ 14ರಂದು ಗಾಳಿಯಲ್ಲಿ ಉರಿದುಹೋಯಿತು.

ಹಿಂತಿರುಗಿ ಇಳಿಸುವ ವಿದ್ಯೆ ಆಮೇಲೆ ಬಂತು. 1960ರ ಆಗಸ್ಟ್ 19ರಂದು ಹೊರಟ ಬೆಲ್ಕಾ ಮತ್ತು ಸ್ತ್ರೆಲ್ಕಾ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಭೂಮಿಯನ್ನು ಸುತ್ತಿ ಜೀವಂತ ಇಳಿದವು. ನಾಲ್ಕನೆಯ ಸುತ್ತಿನಲ್ಲಿ ಬೆಲ್ಕಾ ಚಡಪಡಿಸಿ ವಾಂತಿ ಮಾಡಿಕೊಂಡಳು. ಮನುಷ್ಯನ ಮೊದಲ ಹಾರಾಟ ಒಂದೇ ಸುತ್ತಿಗೆ ಮುಗಿಯಲಿ ಎಂದು ವೈದ್ಯರು ಹೇಳಲು ಅದೂ ಕಾರಣ. 1961ರ ಏಪ್ರಿಲ್ 12ರಂದು ಗಗಾರಿನ್ ಹಾಕಿದ್ದು ಒಂದೇ ಸುತ್ತು. ಸ್ತ್ರೆಲ್ಕಾಳ ಮರಿಯೊಂದು ಅಮೆರಿಕದ ಅಧ್ಯಕ್ಷ ಕೆನಡಿ ಅವರ ಮಗಳಿಗೆ ಉಡುಗೊರೆಯಾಗಿ ಹೋಯಿತು. ಅಂತೂ ಮಾಸ್ಕೋ ಬೀದಿಯ ಕಂತ್ರಿ ಶ್ವೇತಭವನ ಸೇರಿತು!

ಮುಷ್ಕಾ? ಅವಳ ಸರದಿ ತಪ್ಪಿರಲಿಲ್ಲ, ಮುಂದೆ ಹೋಗಿತ್ತು ಅಷ್ಟೆ. 1960ರ ಡಿಸೆಂಬರ್ 1ರಂದು ಪ್ಚೋಲ್ಕಾ ಎಂಬ ಇನ್ನೊಂದು ನಾಯಿಯ ಜೊತೆ ಕಳಿಸಿದರು. ಇಳಿಯುವಾಗ ನೌಕೆ ದಾರಿ ತಪ್ಪಿ ನಾಶವಾಯಿತು.

ಲೈಕಾಳಿಗೆ ತರಬೇತಿ ಕೊಟ್ಟವರಲ್ಲಿ ಒಬ್ಬರಾದ ಒಲೆಗ್ ಗಜೆಂಕೊ 1998ರಲ್ಲಿ, ದಿನ ಕಳೆದಷ್ಟೂ ತಮಗೆ ಸಂಕಟ ಹೆಚ್ಚುತ್ತಿದೆ, ಆ ನಾಯಿಯ ಸಾವಿಗೆ ತಕ್ಕಷ್ಟು ನಾವು ಕಲಿಯಲಿಲ್ಲ ಎಂದು ಒಪ್ಪಿಕೊಂಡರು. ಆಗ ಅವರಿಗೆ ಎಂಬತ್ತು ಹತ್ತಿರವಾಗಿತ್ತು. ಮಾಸ್ಕೋದಲ್ಲಿ ಲೈಕಾಳ ಪ್ರತಿಮೆ ನಿಂತದ್ದು 2008ರ ಏಪ್ರಿಲ್‌ನಲ್ಲಿ. ಕೆಳಗಿನಿಂದ ರಾಕೆಟ್‌ನಂತೆ ಏಳುವ ಆ ಕಂಬ ಮೇಲೆ ಹೋಗುತ್ತ ಮನುಷ್ಯನ ಅಂಗೈಯಾಗುತ್ತದೆ. ಅಂಗೈ ಮೇಲೆ ಆರು ಕಿಲೋದ ಆ ನಾಯಿ ನಿಂತಿದ್ದಾಳೆ.