ಲೋಟ ಬಿಟ್ಟ ಗಡ್‌ಬಡ್

ಹೆಸರು ಗಡಿಬಿಡಿಯದ್ದಾದರೂ ಗಡ್‌ಬಡ್ ನಿಧಾನವಾಗಿ ತಿನ್ನೋ ಐಸ್‌ಕ್ರೀಂ. ಉಡುಪಿಯ ಡಯಾನಾದವರು ಇದು ನಮ್ಮಲ್ಲೇ ಹುಟ್ಟಿದ್ದು ಅಂತಾರೆ. 1975ರಲ್ಲಿ ಪ್ರಭಾಕರ ಕಾಮತರು ಶುರುಮಾಡಿದ ಮಂಗಳೂರಿನ ಐಡಿಯಲ್ ಕೂಡ ಇದಕ್ಕೆ ಹೆಸರುವಾಸಿ. ಎತ್ತರದ ಗಾಜಿನ ಲೋಟ, ಅದರಲ್ಲಿ ಜೆಲ್ಲಿ, ಹಣ್ಣು, ಎರಡು ಮೂರು ಬಗೆಯ ಐಸ್‌ಕ್ರೀಂ, ನಡುನಡುವೆ ಸಿರಪ್, ಗೋಡಂಬಿ. ಪದರ ಕಣ್ಣಿಗೆ ಕಾಣಬೇಕು, ಉದ್ದ ಚಮಚ ತಳ ಮುಟ್ಟಬೇಕು. ತಿಂದಾದ ಮೇಲೆ ಲೋಟ ತೊಳೆದು ಇನ್ನೊಬ್ಬರಿಗೆ.

ಕೈಯಲ್ಲಿ ಹಿಡಿದು ಹೋಗೋ ಐಸ್‌ಕ್ರೀಂ ಕಥೆ ಬೇರೆ. ಒದ್ದೆ ತಾಗಿದರೆ ಕೋನ್ ಮೆತ್ತಗಾಗುತ್ತೆ. 1959ರಲ್ಲಿ ಇಟಲಿಯ ನೇಪಲ್ಸ್‌ನ ಸ್ಪಿಕಾ ಕಂಪನಿ ಕೋನ್ ಒಳಗೆ ಎಣ್ಣೆ, ಸಕ್ಕರೆ, ಚಾಕೊಲೇಟಿನ ಲೇಪ ಕೊಟ್ಟಿತು. ಅದೇ ಕಾರ್ನೆಟೊ. ತುದಿಯಲ್ಲಿ ಸಿಗೋ ಚಾಕೊಲೇಟ್ ಗಟ್ಟಿ ಇದೆಯಲ್ಲ (ನನಗಂತೂ ಕೋನ್ ತಿನ್ನೋ ಸುಖ ಇರೋದೇ ಅಲ್ಲಿ), ಅದು ಆ ಲೇಪ ಜಾರಿ ಕೆಳಗೆ ನಿಂತದ್ದು.

ನಮ್ಮ ವಿಜಯನಗರದ ಗಡ್‌ಬಡ್ ಪಾರ್ಸಲ್‌ಗೆ ಅಂಥ ಜಾಣತನ ಯಾರೂ ಹಚ್ಚಿಲ್ಲ. ಮುಚ್ಚಳದ ಡಬ್ಬಿ, ಅಷ್ಟೆ. ಮಾಗಡಿ ರಸ್ತೆಯ ಸಿಗ್ನಲ್ ದಾಟೋಷ್ಟರಲ್ಲಿ ಸಿರಪ್ ತಳಕ್ಕಿಳಿದು ಎಲ್ಲಾ ಒಂದೇ ಬಣ್ಣ! 2016ರಲ್ಲಿ ಕರ್ನಾಟಕ, 2022ರ ಜುಲೈ 1ರಿಂದ ಇಡೀ ದೇಶ ಪ್ಲಾಸ್ಟಿಕ್ ಚಮಚ ನಿಷೇಧಿಸಿದವು. ಅದಕ್ಕೇ ಜೊತೆಗೊಂದು ಗಿಡ್ಡ ಮರದ ಚಮಚ; ಅದು ಜೆಲ್ಲಿಯ ತನಕ ಹೋಗೋದೇ ಇಲ್ಲ. ಅಂಟಂಟು ಡಬ್ಬಿ ಮಾತ್ರ ತೊಳೆಯದೆಯೇ ಕಸದ ಆಟೋ ಹತ್ತುತ್ತೆ. ಅಂಗಡಿಯವರು ಉಳಿಸಿದ ಲೋಟ ತೊಳೆಯೋ ಕೆಲಸ ಈಗ ಒಣಕಸ ವಿಂಗಡಿಸೋರ ಬರಿಗೈಗೆ ಬಿದ್ದಿದೆ.