ಗೃಹಗಣಕಗಳಲ್ಲಿ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು: ದಕ್ಷಿಣ ಬೆಂಗಳೂರಿನ ಪ್ರಯೋಗಗಳ ಚರಿತ್ರೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ನಿರ್ಮಿಸಿದವರನ್ನೂ ಮಾರಿದ ಸಂಸ್ಥೆಗಳನ್ನೂ ಮುಂದಿಟ್ಟುಕೊಂಡು ಬರೆಯುತ್ತಾರೆ. ಬೆಂಗಳೂರಿನ ಗಣಕೋದ್ಯಮದ ಚರಿತ್ರೆಯೂ ಬಹುಮಟ್ಟಿಗೆ ಇದೇ ರೀತಿಯದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಇಲ್ಲಿ ನೆಲೆಗೊಂಡದ್ದು, ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ಸ್ ಸಿಟಿ ಬೆಳೆದದ್ದು, ರಫ್ತಿನ ಮೊತ್ತ ವರ್ಷದಿಂದ ವರ್ಷಕ್ಕೆ ಏರಿದ್ದು ಅದರ ಅಧ್ಯಾಯಗಳು. ಸಂಜೆ ಮನೆಗೆ ಹಿಂದಿರುಗಿದ ಉದ್ಯೋಗಿಯೂ ಕಾಲೇಜಿನ ವಿದ್ಯಾರ್ಥಿಯೂ ಮನೆಯ ಮೇಜಿನ ಮೇಲಣ ಗಣಕದಲ್ಲಿ ಏನು ಮಾಡಿದರು ಎಂಬ ಪ್ರಶ್ನೆಗೆ ಅದರಲ್ಲಿ ಸ್ಥಳ ದೊರೆತದ್ದು ಕಡಮೆ. ಆ ಪ್ರಶ್ನೆಯ ಒಂದು ಭಾಗವನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ.

ಗಣಕದ ಯಂತ್ರಭಾಗಕ್ಕೂ ಅದನ್ನು ಬಳಸುವವನಿಗೂ ನಡುವೆ ನಿಂತು, ಕಡತಗಳನ್ನು ಕಾಯ್ದು, ಕೀಲಿಮಣೆ, ಪರದೆ, ಮುದ್ರಕ ಮೊದಲಾದುವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಬಳಕೆಯ ಮಾತಿನಲ್ಲಿ ಆಪರೇಟಿಂಗ್ ಸಿಸ್ಟಮ್. ಮಾರಾಟದ ವ್ಯವಸ್ಥೆಗಳಲ್ಲಿ ಇದರ ಮೂಲಸಂಕೇತ ಕಂಪೆನಿಯ ಗುಟ್ಟು. ಮುಕ್ತ ವ್ಯವಸ್ಥೆಗಳಲ್ಲಿ ಅದನ್ನು ಯಾರಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಪ್ರಕಟಿಸಿದರು. ಇವೆರಡೂ ಕೂಡಿ ಮನೆಯ ಗಣಕದಲ್ಲಿ ನಡೆಯಬಲ್ಲ ಒಂದು ಪೂರ್ಣ ವ್ಯವಸ್ಥೆ ಸಿದ್ಧವಾಯಿತು. 1993ರಲ್ಲಿ ಸ್ಲ್ಯಾಕ್‌ವೇರ್, ಡೆಬಿಯನ್ ಎಂಬ ವಿತರಣೆಗಳು ಹುಟ್ಟಿದುವು. ಬರ್ಕ್ಲಿ ವಿಶ್ವವಿದ್ಯಾನಿಲಯದ ಯೂನಿಕ್ಸ್ ಪರಂಪರೆಗೆ ಸೇರಿದ ಫ್ರೀಬಿಎಸ್‌ಡಿ ಕೂಡ ಅದೇ ವರ್ಷದ್ದು. ಒಂದೇ ತಿರುಳನ್ನು ಬೇರೆ ಬೇರೆ ಮಂಡಲಿಗಳು ಬೇರೆ ಬೇರೆ ಉಪಕರಣಗಳೊಡನೆ ಜೋಡಿಸಿ ಕೊಡುವುದನ್ನು ವಿತರಣೆ ಎನ್ನುತ್ತಾರೆ. ಒಂದನ್ನು ಬಿಟ್ಟು ಮತ್ತೊಂದನ್ನು ಪರೀಕ್ಷಿಸುವ ಹವ್ಯಾಸಕ್ಕೆ ಈ ಬಾಹುಳ್ಯವೇ ಎಡೆಮಾಡಿತು.

ಇಂಥ ಪರೀಕ್ಷೆಗೆ ಕಚೇರಿಗಿಂತ ಮನೆ ಒಗ್ಗಿದ ಸ್ಥಳ. ಕಚೇರಿಯ ಯಂತ್ರ ಸಂಸ್ಥೆಯ ಸ್ವತ್ತು. ಅದರಲ್ಲಿ ಏನಿರಬೇಕೆಂಬುದನ್ನು ಮೇಲಿನವರು ನಿರ್ಧರಿಸುತ್ತಾರೆ. ಮನೆಯ ಯಂತ್ರವಾದರೋ ಮನೆಯವರದು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ, ಅದರ ದಕ್ಷಿಣಕ್ಕೂ ಪಶ್ಚಿಮಕ್ಕೂ ಬೆಳೆದ ಜೆ.ಪಿ. ನಗರ, ಬನಶಂಕರಿ, ಬೈರಸಂದ್ರ–ತಾವರೆಕೆರೆ–ಮಡಿವಾಳಗಳ ಮೊದಲಕ್ಷರಗಳಿಂದ ಹೆಸರಾದ ಬಿ.ಟಿ.ಎಂ. ಬಡಾವಣೆ, ಇವು ಮುಖ್ಯವಾಗಿ ವಾಸದ ಪ್ರದೇಶಗಳು. ಹಳೆಯ ಬಡಾವಣೆಗಳಲ್ಲಿ ಸ್ವಂತ ಮನೆಯ ನೌಕರವರ್ಗ, ಬಿ.ಟಿ.ಎಂ.ನಂಥ ಕಡೆ ಬಾಡಿಗೆಯ ಕೋಣೆಗಳಲ್ಲಿ ಯುವ ಇಂಜಿನಿಯರುಗಳು, ಹೊಸೂರು ರಸ್ತೆಯಲ್ಲಿ ಅವರ ಉದ್ಯೋಗ. ಸದರ್ ಪತ್ರಪ್ಪ ರಸ್ತೆಯ, ಎಂದರೆ ಎಸ್.ಪಿ. ರೋಡಿನ, ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಗಣಕ ಕಂಪೆನಿಯ ಗಣಕಕ್ಕಿಂತ ಅಗ್ಗವಾಗಿ ದೊರೆಯುತ್ತಿತ್ತು. ಹೀಗೆ ಜೋಡಿಸಿದ ಯಂತ್ರವನ್ನು ಬಿಚ್ಚಿ ನೋಡಲು ಅಂಜಿಕೆ ಕಡಮೆ.

ಪ್ರಯೋಗಗಳ ಮೊದಲನೆಯ ಹಂತವನ್ನು ತಟ್ಟೆಗಳ ಯುಗವೆನ್ನಬಹುದು. ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆ ತೊಡಗಿದ್ದು 1995ರ ಆಗಸ್ಟ್ 15ರಂದು. ದೂರವಾಣಿಯ ಮೂಲಕ ಸಂಪರ್ಕ. ಸೆಕೆಂಡಿಗೆ 33,600 ಬಿಟ್‌ಗಳ ಮೋಡೆಮ್ಮಿನಲ್ಲಿ 650 ಮೆಗಾಬೈಟುಗಳ ಒಂದು ಸಿ.ಡಿ.ಯನ್ನು ಇಳಿಸಿಕೊಳ್ಳಲು, ಸಂಪರ್ಕ ಒಮ್ಮೆಯೂ ಕಡಿಯದಿದ್ದರೆ, ಸುಮಾರು 43 ಗಂಟೆ ಬೇಕು. ದೂರವಾಣಿಯ ಬಿಲ್ಲು ಬೇರೆ. ಆದುದರಿಂದ ಮುಕ್ತವೆಂದು ಪರವಾನಗಿಯಲ್ಲಿ ಬರೆದಿದ್ದರೂ ತಂತ್ರಾಂಶ ಮನೆಯನ್ನು ತಲಪುವ ದಾರಿ ಮುಕ್ತವಾಗಿರಲಿಲ್ಲ. ಈ ತೊಡಕನ್ನು ಬಿಡಿಸಿದ್ದು ಪತ್ರಿಕೆ. ‘ಪಿಸಿ ಕ್ವೆಸ್ಟ್’ ಮಾಸಪತ್ರಿಕೆ 1996ರಲ್ಲಿ ಲಿನಕ್ಸ್ ತಟ್ಟೆಯನ್ನು ತನ್ನ ಸಂಚಿಕೆಯೊಡನೆ ಹಂಚಿತು. ಈ ಕಾರ್ಯದ ಹಿಂದಿದ್ದವರು ಬೆಂಗಳೂರಿನ ತಂತ್ರಜ್ಞರಾದ ಅತುಲ್ ಚಿಟ್ನಿಸ್ (1962–2013). ಒಂದು ತಟ್ಟೆ ಒಂದು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನು ಇತರರಿಗೆ ಕೊಡಲು ಪರವಾನಗಿಯೇ ಅನುಮತಿ ಕೊಟ್ಟಿತ್ತು.

ಆ ಕಾಲದ ಸ್ಥಾಪನೆ ಸುಲಭದ ಕೆಲಸವಾಗಿರಲಿಲ್ಲ. ಹಾರ್ಡ್ ಡಿಸ್ಕನ್ನು ಭಾಗಮಾಡಬೇಕು. ಭಾಗಮಾಡುವಾಗ ಕೈತಪ್ಪಿದರೆ ಮನೆಯ ಲೆಕ್ಕ, ಪತ್ರ, ಛಾಯಾಚಿತ್ರಗಳೆಲ್ಲ ಅಳಿಸಿಹೋಗಬಹುದು. ಅಗ್ಗದ ಒಳಮೋಡೆಮ್ಮುಗಳಲ್ಲಿ ಅನೇಕವು ವಿಂಡೋಸ್‌ನ ನೆರವಿಲ್ಲದೆ ನಡೆಯುತ್ತಿರಲಿಲ್ಲ. ಆದುದರಿಂದ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದವನಿಗೆ, ಅದನ್ನು ಸರಿಪಡಿಸುವ ಸಲಹೆಗಾಗಿ ಹಳೆಯ ವ್ಯವಸ್ಥೆಗೇ ಹಿಂದಿರುಗಬೇಕಾದ ಪ್ರಸಂಗ ಬರುತ್ತಿತ್ತು. ಬಲ್ಲವನೊಬ್ಬ ಪಕ್ಕದಲ್ಲಿ ಕುಳಿತು ತೋರಿಸಿದ ಹೊರತು ಕೈಪಿಡಿಯೊಂದೇ ಸಾಲದು. ಅನುಭವಿಗಳು ಒಂದೆಡೆ ಕೂಡಿ ಹೊಸಬರ ಯಂತ್ರಗಳಲ್ಲಿ ಸ್ಥಾಪನೆ ಮಾಡಿಕೊಡುವ ಪದ್ಧತಿ ಲಿನಕ್ಸ್ ಬಳಕೆದಾರರ ಸಂಘಗಳಲ್ಲಿ ಬೆಳೆದದ್ದು ಈ ಕಾರಣದಿಂದ.

ಎರಡನೆಯ ಹಂತದಲ್ಲಿ ಈ ಭಯ ತಗ್ಗಿತು. 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ಹೊರತಂದ ಕ್ನಾಪಿಕ್ಸ್, ಹಾರ್ಡ್ ಡಿಸ್ಕನ್ನು ಮುಟ್ಟದೆ ತಟ್ಟೆಯಿಂದಲೇ ನೇರವಾಗಿ ನಡೆಯುತ್ತಿತ್ತು. ತಟ್ಟೆಯನ್ನು ತೆಗೆದರೆ ಯಂತ್ರ ಮೊದಲಿದ್ದಂತೆಯೇ. ನಷ್ಟವಿಲ್ಲದೆ ಪರೀಕ್ಷಿಸುವ ಈ ಅನುಕೂಲ ಪ್ರಯೋಗದ ಸ್ವರೂಪವನ್ನೇ ಬದಲಿಸಿತು. 2004ರ ಅಕ್ಟೋಬರಿನಲ್ಲಿ ಬಂದ ಉಬುಂಟು, ಕೇಳಿದವರ ಮನೆಗೆ ಅಂಚೆಯ ಮೂಲಕ ಉಚಿತವಾಗಿ ತಟ್ಟೆಗಳನ್ನು ಕಳುಹಿಸುವ ಏರ್ಪಾಡನ್ನು ಮಾಡಿ, 2011ರವರೆಗೆ ನಡೆಸಿತು. ಇತ್ತ ಬೆಂಗಳೂರಿನಲ್ಲಿ 2001ರ ಡಿಸೆಂಬರಿನಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ನಡೆಯಿತು. 2005ರಿಂದ ಇದು ‘ಫಾಸ್.ಇನ್’ ಎಂಬ ಹೆಸರಿನಿಂದ ಮುಂದುವರಿದು, 2012ರಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಸಭಾಭವನದಲ್ಲಿ ಕೊನೆಯ ಬಾರಿ ಜರುಗಿತು. ಆ ವೇಳೆಗೆ ವೇಗದ ಸಂಪರ್ಕ ಮನೆಮನೆಗೂ ಬಂದು ತಟ್ಟೆಯ ಅಗತ್ಯವೇ ಮರೆಯಾಗುತ್ತಿತ್ತು.

ಇಷ್ಟು ಜಗತ್ತಿನ ಯಾವ ನಗರದ ವಿಷಯದಲ್ಲಿಯೂ ಸ್ವಲ್ಪ ಹೆಚ್ಚುಕಡಮೆಯಾಗಿ ಹೇಳಬಹುದಾದ ಸಂಗತಿ. ಕನ್ನಡದ ಮನೆಗಳಲ್ಲಿ ಈ ಪ್ರಯೋಗ ಮತ್ತೊಂದು ಸತ್ಯವನ್ನು ಹೊರಗೆಡಹಿತು. ನಮ್ಮ ವಿವೇಚನೆಯಲ್ಲಿ ಅದೇ ಹೆಚ್ಚು ಮಹತ್ತ್ವದ್ದು. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವು ಕನ್ನಡಿಗರಿಗೆ ಗಣಕದಲ್ಲಿ ಬರೆಯುವುದನ್ನು ಕಲಿಸಿದ ತಂತ್ರಾಂಶಗಳು. ಅವುಗಳ ಉಪಕಾರ ದೊಡ್ಡದು. ಎರಡೂ ವಿಂಡೋಸ್‌ಗಾಗಿ ಸಿದ್ಧವಾದುವು. ಆ ಕಾಲದ ಪದ್ಧತಿಯಂತೆ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದುವು. ಕಣ್ಣಿಗೆ ಕಾಣುವುದು ಕನ್ನಡ. ಕಡತದೊಳಗೆ ಇರುವುದು ರೋಮನ್ ಸಂಖ್ಯೆ. ಅದೇ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಲಿನಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತಿತ್ತು. ಒಂದೇ ವ್ಯವಸ್ಥೆಯಲ್ಲಿ ಇರುವವನಿಗೆ ಈ ದೋಷ ಕಾಣುವುದು ಅಪರೂಪ. ಎರಡನೆಯದನ್ನು ಪರೀಕ್ಷಿಸಿದವನ ಕಣ್ಣಿಗೆ ಮೊದಲ ದಿನವೇ ಬೀಳುತ್ತದೆ.

ಪರಿಹಾರ ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ ಆಗಲೇ ಇತ್ತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗ ದೊರೆತಿದೆ. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221, ಮತ್ತಾವ ಅಕ್ಷರಕ್ಕೂ ಆ ಸಂಖ್ಯೆಯಿಲ್ಲ. ಆದರೆ ಸಂಖ್ಯೆ ದೊರೆತ ಮಾತ್ರಕ್ಕೆ ಲಿಪಿ ಮೂಡದು. ‘ಕ್ಷ’ ಎಂಬುದು ಕಡತದಲ್ಲಿ ಕಕಾರ, ವಿರಾಮಚಿಹ್ನೆ, ಷಕಾರ ಎಂಬ ಮೂರು ಸಂಖ್ಯೆಗಳ ಸಾಲು. ಅವನ್ನು ಕೂಡಿಸಿ ಒತ್ತಕ್ಷರವಾಗಿ ಬಿಡಿಸುವ ಕೆಲಸ ವ್ಯವಸ್ಥೆಯದು. ಈ ಕೆಲಸದಲ್ಲಿ ತಪ್ಪು ಕಂಡರೆ, ಮುಚ್ಚಿದ ವ್ಯವಸ್ಥೆಯ ಬಳಕೆದಾರನಿಗೆ ದೂರು ಕೊಟ್ಟು ಕಾಯುವುದೊಂದೇ ದಾರಿ. ಮುಕ್ತ ವ್ಯವಸ್ಥೆಯಲ್ಲಿ ಬಲ್ಲವರು ತಾವೇ ತಿದ್ದಬಹುದು. ಹೀಗೆಯೇ ಗ್ನೋಮ್, ಕೆಡಿಇ ಎಂಬ ಪರದೆಗಳ ಆದೇಶಗಳು ಸ್ವಯಂಸೇವಕರಿಂದ ಕನ್ನಡಕ್ಕೆ ಬಂದುವು. ಕೇದಗೆ, ಮಲ್ಲಿಗೆ, ಮುಂದೆ ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳು ಡೆಬಿಯನ್‌ನ ಭಂಡಾರವನ್ನು ಸೇರಿದುವು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯ ಬಳಕೆದಾರರಿಗೆ ಪರಿಚಿತವಾದ ಕೀಲಿಮಣೆ ಲಿನಕ್ಸ್‌ನಲ್ಲಿಯೂ ದೊರೆಯಿತು. ಬರಹ, ನುಡಿಗಳು ಕೂಡ ತರುವಾಯ ಯೂನಿಕೋಡನ್ನು ಅಳವಡಿಸಿಕೊಂಡುವು ಎಂಬುದನ್ನು ಇಲ್ಲಿ ಹೇಳಬೇಕು.

ಸ್ವಂತ ಗಣಕವಿಲ್ಲದ ಮನೆಗಳವರೂ ಈ ಚರಿತ್ರೆಯ ಹೊರಗಿಲ್ಲ. ಬನ್ನೇರುಘಟ್ಟ ರಸ್ತೆಯ ಸಮೀಪದ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ 2000ದ ದಶಕದಲ್ಲಿ ತೊಡಗಿತು. ಮುಕ್ತ ತಂತ್ರಾಂಶದ ಸ್ವಯಂಸೇವಕರು ಅಲ್ಲಿನ ಮಕ್ಕಳಿಗೆ ಗ್ನು/ಲಿನಕ್ಸ್‌ನಲ್ಲಿಯೇ ಪಾಠ ಹೇಳಿದರು. ಗಿಂಪ್ ಎಂಬ ಚಿತ್ರತಂತ್ರಾಂಶ ಅಲ್ಲಿ ಮಕ್ಕಳ ಕುಂಚವಾಯಿತು. ಜಯನಗರದಲ್ಲಿರುವ ಐಟಿ ಫಾರ್ ಚೇಂಜ್ ಸಂಸ್ಥೆ, ಬನಶಂಕರಿ ಮೂರನೆಯ ಹಂತದಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನ ಮತ್ತು ತರಬೇತಿ ಇಲಾಖೆಯೊಡನೆ ಸೇರಿ, 2010ರ ದಶಕದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರಿಗೆ ಉಬುಂಟು ಆಧಾರದ ಮೇಲೆ ತರಬೇತಿ ನಡೆಸಿತು. ಪರವಾನಗಿಯ ಹಣ ಕೊಡಬೇಕಾಗಿಲ್ಲವೆಂಬುದು ಇಂಥ ಕಡೆಗಳಲ್ಲಿ ಸೈದ್ಧಾಂತಿಕ ಮಾತಾಗಿ ಉಳಿಯದೆ, ಪಾಠ ನಡೆಯುವುದಕ್ಕೇ ಆಧಾರವಾಯಿತು.

ಹಾಗೆಂದು ಈ ಪ್ರಯೋಗಗಳು ಎಲ್ಲೆಡೆ ನೆಲೆನಿಂತುವೆಂದು ಹೇಳುವುದು ಅತಿಶಯೋಕ್ತಿಯಾದೀತು. ಸಣ್ಣ ವ್ಯಾಪಾರಿಗಳ ಲೆಕ್ಕದ ಟ್ಯಾಲಿ ವಿಂಡೋಸ್‌ನದು. ಕೆಲವು ಮುದ್ರಕಗಳಿಗೆ ಚಾಲಕ ತಂತ್ರಾಂಶವಿರಲಿಲ್ಲ. ಹಳೆಯ ನುಡಿಯ ಕಡತಗಳನ್ನು ಬಿಡಲಾಗದು. ಆದುದರಿಂದ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನಿಟ್ಟು ಬೇಕಾದಾಗ ಬೇಕಾದುದನ್ನು ತೆರೆಯುವ ಕ್ರಮ ರೂಢಿಗೆ ಬಂದಿತು. ಇದನ್ನು ಸೋಲೆಂದು ಎಣಿಸಬೇಕಾಗಿಲ್ಲ. ಎರಡನ್ನು ಬಲ್ಲವನು ಒಂದಕ್ಕೆ ಕಟ್ಟುಬಿದ್ದಿರುವುದಿಲ್ಲ.

ವಿಷಯ ಹಳೆಯದಾಗಿಯೂ ಇಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿ ನಿರ್ದಿಷ್ಟ ರಕ್ಷಣಾ ವ್ಯವಸ್ಥೆಯುಳ್ಳ ಯಂತ್ರವನ್ನೇ ಕೇಳುವುದರಿಂದ, ನಡೆಯಬಲ್ಲ ಎಷ್ಟೋ ಗೃಹಗಣಕಗಳು ಬದಿಗೆ ಬಿದ್ದಿವೆ. ಅವುಗಳಿಗೆ ಲಿನಕ್ಸ್‌ನ ಹಗುರವಾದ ವಿತರಣೆಗಳು ಮತ್ತೆ ಕೆಲವು ವರ್ಷಗಳ ಆಯುಸ್ಸನ್ನು ಕೊಡಬಲ್ಲವು.

ಒಟ್ಟಿನಲ್ಲಿ ಈ ಚರಿತ್ರೆಯಿಂದ ಹೊರಡುವ ನಿರ್ಣಯ ಇದು: ಪರವಾನಗಿ ಕೊಟ್ಟ ಸ್ವಾತಂತ್ರ್ಯ ಮನೆಯೊಳಗೆ ಬಳಕೆಗೆ ಬರಬೇಕಾದರೆ ತಲಪುವ ದಾರಿ, ಪಕ್ಕದಲ್ಲಿ ಕುಳಿತು ತೋರಿಸುವವರು, ಓದುವವರ ಭಾಷೆ ಎಂಬ ಮೂರೂ ಕೂಡಬೇಕು. ಮೂರನೆಯದು ಅಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ನಮ್ಮ ಕಾಲೇಜುಗಳಲ್ಲಿ ಬರೆದ ಕನ್ನಡ ಪ್ರಬಂಧಗಳೂ ಟಿಪ್ಪಣಿಗಳೂ ಹಳೆಯ ಅಕ್ಷರಶೈಲಿಗಳ ಕಡತಗಳಲ್ಲಿ ಕುಳಿತಿವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇಂದು ದೊರೆಯುತ್ತವೆ. ಪರಿವರ್ತಿಸಿದ ಪಾಠವನ್ನು ಮುದ್ರಿತ ಪ್ರತಿಯೊಡನೆ ಹೋಲಿಸಿ ತಿದ್ದುವುದು ಹಸ್ತಪ್ರತಿ ಸಂಪಾದನೆಯಲ್ಲಿ ಪಳಗಿದ ಕನ್ನಡ ವಿಭಾಗಗಳಿಗೆ ಹೊಸ ಕೆಲಸವೇನಲ್ಲ. ಹಳೆಯ ತಟ್ಟೆಗಳೂ ಯಂತ್ರಗಳೂ ಗುಜರಿಗೆ ಹೋಗುವ ಮುನ್ನ ಆ ಕೆಲಸ ನಡೆಯಬೇಕು.